ಫೀ ಕಟ್ಟಿದ್ದು ಆಯಿ, ರಸೀದಿಯಲ್ಲಿ ಹೆಸರು ಅಪ್ಪಂದು

ಉತ್ತರ ಕನ್ನಡದ ಶಾಲೆ ಆಫೀಸುಗಳಲ್ಲಿ ಫೀ ರಸೀದಿ ಹರಿದು ಕೊಡೋರಿಗೆ, ಬ್ಯಾಂಕ್ ಕೌಂಟರಿನವರಿಗೆ, ಡೈವೋರ್ಸ್ ಕರಾರು ಟೈಪ್ ಮಾಡ್ಸೋ ವಕೀಲರಿಗೆ, ಮತ್ತೆ ದಿಲ್ಲಿಯಲ್ಲಿ ತೆರಿಗೆ ಕಾನೂನು ಬರೆಯೋರಿಗೆ,

ನಮಸ್ಕಾರ.

ನಾನು ಶಿರಸಿ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ನೌಕರಿ ಅಂತ ಕಾರವಾರಕ್ಕೆ ಬಂದು ಹದಿನೈದು ವರ್ಷ ಆಯ್ತು, ಕೋಡಿಬಾಗ ಕಡೆ ಒಂದು ಬಾಡಿಗೆ ಮನೇಲಿ ನಾನು ಮಗಳು ಇಬ್ಬರೇ ಇರ್ತೇವೆ, ಅವಳಿಗೆ ನಾನು ಆಯಿ, ಅಂದ್ರೆ ಅಮ್ಮ. 2022ರಲ್ಲಿ ನಮ್ಮ ಡೈವೋರ್ಸ್ ಆಯ್ತು, ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ, ಇಬ್ಬರೂ ಒಪ್ಪಿಕೊಂಡೇ. ಯಾರದ್ದು ಸರಿ ಯಾರದ್ದು ತಪ್ಪು ಅನ್ನೋ ಮಾತು ಇಲ್ಲಿ ಬೇಡ, ಅದು ಮುಗಿದ ಕತೆ. ಮಗಳು ನನ್ನ ಹತ್ರ ಇರೋದು, ಅವಳ ಅಪ್ಪ ಗೋವಾದಲ್ಲಿ ಕೆಲಸ ಮಾಡ್ತಾರೆ, ತಿಂಗಳಿಗೊಂದು ಶನಿವಾರ ಭಾನುವಾರ ಬಂದು ಕರ್ಕೊಂಡು ಹೋಗ್ತಾರೆ, ಮಗಳ ಖರ್ಚಿಗೆ ಅಂತ ತಿಂಗಳಿಗೆ 8,000 ಕೊಡಬೇಕು ಅಂತ ಕರಾರು, ಮತ್ತೆ ಮಗಳ ಹೆಸರಲ್ಲಿ 6 ಲಕ್ಷ ಎಫ್‌ಡಿ ಇಟ್ಟಿದ್ದಾರೆ. ಇಷ್ಟೇ ಹಿನ್ನೆಲೆ. ನಾನು ಬರೀತಾ ಇರೋದು ತೆರಿಗೆ ಬಗ್ಗೆ, ಯಾಕಂದ್ರೆ ಡೈವೋರ್ಸ್ ಆದ ಮೇಲೆ ಮಗು, ಮನೆ, ಬಂಗಾರ ಎಲ್ಲದರ ಬಗ್ಗೆ ಎಲ್ಲರೂ ಮಾತಾಡ್ತಾರೆ, ಇದೊಂದರ ಬಗ್ಗೆ ಮಾತ್ರ ಯಾರೂ ಏನೂ ಹೇಳಲ್ಲ, ಗೊತ್ತಾಗೋದು ಕೈಯಿಂದ ದುಡ್ಡು ಹೋದ ಮೇಲೆ.

2024ರ ಜನವರಿ. ತೆರಿಗೆ ರಿಯಾಯಿತಿಗೆ ಅಂತ ಆಫೀಸಲ್ಲಿ ಹೂಡಿಕೆ, ಫೀ ಪ್ರೂಫ್ ಕೊಡೋ ಟೈಮು. ಮಗಳು ಆಗ ನಾಲ್ಕನೇ ಕ್ಲಾಸು, ವರ್ಷದ ಟ್ಯೂಶನ್ ಫೀ 48,000, ಜೂನ್‌ನಲ್ಲಿ 24,000 ನವೆಂಬರ್‌ನಲ್ಲಿ 24,000, ಎರಡೂ ಸಲ ನನ್ನ ಖಾತೆಯಿಂದಲೇ ಯುಪಿಐ ಮಾಡಿದ್ದೆ. ರಸೀದಿ ತಗೊಂಡು ಹೋಗಿ ಕೊಟ್ಟೆ. ಅಕೌಂಟ್ಸ್‌ನವರು ಅದನ್ನ ತಿರುಗಿಸಿ ತಿರುಗಿಸಿ ನೋಡಿ "ಮೇಡಂ, ಇದ್ರಲ್ಲಿ ನಿಮ್ಮ ಹೆಸರೇ ಇಲ್ವಲ್ಲ" ಅಂದ್ರು. ನಾನೂ ನೋಡಿದೆ. ತೆಳು ಗುಲಾಬಿ ಕಾಗದ, ಮೇಲೆ ಶಾಲೆ ಹೆಸರು, ಕೆಳಗೆ ವಿದ್ಯಾರ್ಥಿ ಹೆಸರು, ಅದರ ಕೆಳಗೆ ತಂದೆಯ ಹೆಸರು, ಆಮೇಲೆ ಮೊತ್ತ. ಹಣ ಯಾರು ಕೊಟ್ರು ಅಂತ ಬರೆಯೋಕೆ ಜಾಗವೇ ಇಲ್ಲ. ತಾಯಿ ಹೆಸರಿಗೂ ಜಾಗ ಇಲ್ಲ. ಆರು ವರ್ಷದಿಂದ ಆ ರಸೀದಿಗಳನ್ನ ಫೈಲ್ ಮಾಡ್ತಾ ಬಂದಿದ್ದೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ.

ಶಾಲೆಗೆ ಹೋದೆ. ಆಫೀಸಿನ ಅಕ್ಕೋರು ಒಳ್ಳೆಯವರು, ಮಗಳ ಮೇಲೆ ಪ್ರೀತಿ ಇರೋರು. ಅವರು ಹೇಳಿದ್ದು ಕೇಳಿ ನಂಗೆ ಕಾಲ ಕೆಳಗಿನ ನೆಲ ಜಾರಿದಂಗಾಯ್ತು: "ಅಯ್ಯೋ, ಅವಳ ಅಪ್ಪ ಹೋದ ತಿಂಗಳೇ ಬಂದು ಎರಡೂ ರಸೀದಿ ಡುಪ್ಲಿಕೇಟ್ ತಗೊಂಡು ಹೋದ್ರಲ್ಲ, ಇನ್‌ಕಮ್ ಟ್ಯಾಕ್ಸ್‌ಗೆ ಬೇಕು ಅಂದ್ರು, ತಂದೆ ಅಲ್ವಾ ಅಂತ ಕೊಟ್ಟೆ."

ಕೇಳಿದ್ದಕ್ಕೆ ಅವಳ ಅಪ್ಪ ಹೇಳಿದ್ದು, ನಾನು ತಿಂಗಳು ತಿಂಗಳು ಕೊಡೋ ದುಡ್ಡಲ್ಲೇ ಅಲ್ವಾ ಫೀ ಕಟ್ಟೋದು, ಹಾಗಾಗಿ ಅದು ನನ್ನದೇ ಕ್ಲೈಮು ಅಂತ. ಅವರಿಗೆ ಅದು ನಿಜವಾಗ್ಲೂ ಸರಿ ಅಂತ ಅನ್ನಿಸಿರಬಹುದು, ತುಂಬ ಜನ ಹಾಗೇ ತಿಳ್ಕೊಂಡಿದ್ದಾರೆ. ಆದ್ರೆ ಕಾನೂನು ಹಾಗಿಲ್ಲ. ಆಗಿನ 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಸೆಕ್ಷನ್ ರಿಯಾಯಿತಿ ಕೊಡೋದು ಶಾಲೆಗೆ ಟ್ಯೂಶನ್ ಫೀ ಕಟ್ಟಿದವರಿಗೆ, ಪೂರ್ಣಾವಧಿ ಓದಿಗೆ, ಒಬ್ಬೊಬ್ಬ ಪೋಷಕರಿಗೆ ಎರಡು ಮಕ್ಕಳವರೆಗೆ, ಎಲ್ಲಾ ಸೇರಿ ವರ್ಷಕ್ಕೆ 1,50,000 ಮಿತಿ ಒಳಗೆ. ಡೆವಲಪ್‌ಮೆಂಟ್ ಫೀ, ಡೊನೇಶನ್ ಅದರಲ್ಲಿ ಬರಲ್ಲ. ಅಪ್ಪನೋ ಅಮ್ಮನೋ ಅಂತ ಅಲ್ಲಿಲ್ಲ, ಮಗು ಯಾರ ಹತ್ರ ಇದೆ ಅಂತಲೂ ಇಲ್ಲ, ಕಟ್ಟಿದವರು ಯಾರು ಅನ್ನೋದೊಂದೇ. ಇಬ್ಬರೂ ಅರ್ಧರ್ಧ ಕಟ್ಟಿದ್ರೆ ಇಬ್ಬರಿಗೂ ಅವರವರ ಅರ್ಧ ಸಿಗ್ತದೆ, ಒಂದೇ ರೂಪಾಯಿನ ಇಬ್ಬರು ತೋರ್ಸೋ ಹಾಗಿಲ್ಲ. ಜೀವನಾಂಶ ಅಂತ ಕೊಟ್ಟ ದುಡ್ಡಿಗೆ ಕೊಟ್ಟವರಿಗೆ ಯಾವ ರಿಯಾಯಿತಿಯೂ ಇಲ್ಲ.

ನಾನು ಮಾಡಿದ ತಪ್ಪೂ ಇದೆ, ಅದನ್ನೂ ಹೇಳ್ತೇನೆ, ಬೇರೆಯವರು ಮಾಡದೇ ಇರ್ಲಿ ಅಂತ. ಆಫೀಸಿನವರು ಆ ಪ್ರೂಫ್ ಒಪ್ಪಲ್ಲ ಅಂದಮೇಲೆ ಮುಗೀತು ಅಂದ್ಕೊಂಡೆ. ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆಗೆ ಅಂತ ಶಿರಸಿಗೆ ಹೋಗಿದ್ದಾಗಲೇ ಆ ತಿಂಗಳ ಸಂಬಳದ ಮೆಸೇಜು ಬಂತು, ತೆರಿಗೆ ಜಾಸ್ತಿ ಕಟ್ ಆಗಿತ್ತು, ಬಿಡಿಕಿಬೈಲ್ ತುಂಬ ಜನ, ಮಗಳು ತೊಟ್ಟಿಲಿಗೆ ಹತ್ತಬೇಕು ಅಂತ ಕೈ ಎಳೀತಾ ಇದ್ಲು, ನಾನು ಆ ಮೆಸೇಜು ನೋಡ್ತಾ ನಿಂತಿದ್ದೆ. ಆಮೇಲೆ ಜುಲೈನಲ್ಲಿ ರಿಟರ್ನ್ ತುಂಬುವಾಗಲೂ ಫೀ ಬಿಟ್ಟೇ ತುಂಬಿದೆ. ಅಸಲಿಗೆ ಆಫೀಸು ಒಪ್ಪದಿದ್ರೂ ರಿಟರ್ನಿನಲ್ಲಿ ನಾವೇ ಕ್ಲೈಮ್ ಮಾಡಬಹುದು, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಕೊಂಡಿದ್ರೆ ಸಾಕು. ಮರೆತಿದ್ರೆ 2025ರ ಜನವರಿ 15ರ ಒಳಗೆ ತಿದ್ದಿ ಮತ್ತೆ ತುಂಬಬಹುದಿತ್ತು. ಕುಮಟಾದಲ್ಲಿ ಟ್ಯಾಕ್ಸ್ ಕೆಲಸ ಮಾಡೋ ನಮ್ಮ ನೆಂಟರೊಬ್ಬರು ಇದನ್ನ ನಂಗೆ ಹೇಳಿದ್ದು 2025ರ ಫೆಬ್ರವರಿಯಲ್ಲಿ, ಒಂದು ಉಪನಯನದ ಮನೇಲಿ ಊಟದ ಪಂಕ್ತಿಯಲ್ಲಿ ಕೂತು. ತಡವಾಗಿ ತುಂಬೋ ಅಪ್‌ಡೇಟೆಡ್ ರಿಟರ್ನ್ ಅಂತ ಒಂದಿದೆ, ಆದ್ರೆ ಅದು ಹೆಚ್ಚಿಗೆ ತೆರಿಗೆ ಕಟ್ಟೋಕೆ, ವಾಪಸ್ ತಗೊಳ್ಳೋಕಲ್ಲ. 48,000ಕ್ಕೆ ನನ್ನ 20 ಪರ್ಸೆಂಟ್ ಸ್ಲ್ಯಾಬಿನಲ್ಲಿ ಸೆಸ್ ಸೇರಿ 9,984 ರೂಪಾಯಿ, ಹೋಯ್ತು.

ಇಷ್ಟೇ ಆಗಿದ್ರೆ ನಾನು ಪತ್ರ ಬರೀತಾ ಇರಲಿಲ್ಲ. ಇನ್ನೊಂದು ಕಡೆ ಇದೆ.

ಮಗಳ ಹೆಸರಿನ ಎಫ್‌ಡಿಗೆ ಆ ವರ್ಷ 42,000 ಬಡ್ಡಿ ಬಂದಿತ್ತು. ಚಿಕ್ಕ ಮಕ್ಕಳ ಆದಾಯನ ಅಪ್ಪ ಅಮ್ಮನ ಆದಾಯಕ್ಕೆ ಸೇರಿಸ್ತಾರೆ, ಕ್ಲಬ್ಬಿಂಗ್ ಅಂತಾರೆ ಅದಕ್ಕೆ, 1961ರ ಕಾಯ್ದೆಯಲ್ಲಿ 64(1ಎ). ಗಂಡ ಹೆಂಡತಿ ಒಟ್ಟಿಗಿದ್ರೆ ಇಬ್ಬರಲ್ಲಿ ಯಾರ ಆದಾಯ ಜಾಸ್ತಿಯೋ ಅವರಿಗೆ ಸೇರ್ತದೆ. ಮದುವೆ ಉಳಿದಿಲ್ಲ ಅಂದ್ರೆ, ಆ ವರ್ಷ ಮಗುವನ್ನ ಸಾಕಿದವರು ಯಾರೋ ಅವರಿಗೆ ಸೇರ್ತದೆ. ಮಗಳ ಅಪ್ಪ ಅದನ್ನ ತಮ್ಮ ಆಡಿಟರ್ ಹತ್ರ ಕೇಳಿ ತಿಳ್ಕೊಂಡು ನಂಗೊಂದು ಮೆಸೇಜ್ ಹಾಕಿದ್ರು, ಬಡ್ಡಿ ನಿನ್ನ ಲೆಕ್ಕಕ್ಕೆ ಬರ್ತದೆ ತೋರಿಸು ಅಂತ. ಅವರು ಹೇಳಿದ್ದು ಸರಿಯೇ. ತೋರಿಸಿದೆ. 42,000ದಲ್ಲಿ ಮಗುವಿನ ಲೆಕ್ಕಕ್ಕೆ ಅಂತ ಕಾನೂನು ಬಿಡೋದು 1,500 ರೂಪಾಯಿ, ಉಳಿದ 40,500ಕ್ಕೆ ನಾನು ಕಟ್ಟಿದ್ದು 8,424.

ಇಲ್ಲೇ ನಂಗೆ ನೋವಾಗೋದು. ತೆರಿಗೆ ಹೊರಿಸೋ ಟೈಮಲ್ಲಿ ಕಾನೂನು ಸರಿಯಾಗೇ ಕೇಳ್ತದೆ, ಮಗುವನ್ನ ಸಾಕ್ತಾ ಇರೋರು ಯಾರು? ಆಗ ನಾನು ಅದಕ್ಕೆ ಕಾಣ್ತೇನೆ. ಯಾವ ರಸೀದಿಯೂ ಬೇಡ, ಯಾರ ಸಹಿಯೂ ಬೇಡ. ರಿಯಾಯಿತಿ ಕೇಳೋಕೆ ಹೋದ್ರೆ ಮಾತ್ರ ಕಾಗದ ತೋರ್ಸು, ಹೆಸರು ತೋರ್ಸು, ಅದ್ರಲ್ಲಿ ಹೆಸರು ಅಪ್ಪಂದು. ರಿಟರ್ನ್ ಫಾರ್ಮೂ ಹಾಗೇ. ಐಟಿಆರ್-2ರಲ್ಲಿ ಎಸ್‌ಪಿಐ ಅಂತ ಒಂದು ಶೆಡ್ಯೂಲ್ ಇದೆ, ಮಗುವಿನ ಆದಾಯ ಸೇರಿಸೋಕೆ, ಅಲ್ಲಿ ಮಗಳ ಹೆಸರು ಏನು, ಸಂಬಂಧ ಏನು, ಎಷ್ಟು ಮೊತ್ತ ಅಂತ ಕೇಳ್ತಾರೆ. ನಾನು ತುಂಬಿದ ಫಾರ್ಮಿನಲ್ಲಿ 80ಸಿ ಕೆಳಗೆ ಯಾವ ಮಗುವಿನ ಫೀ ಅಂತ ಕೇಳಿರಲಿಲ್ಲ. ಕೇಳಿದ್ದಿದ್ರೆ ಒಂದೇ ಮಗುವಿನ ಒಂದೇ ಫೀನ ಇಬ್ಬರು ತೋರ್ಸಿದ್ರೂ ಕಂಪ್ಯೂಟರಿಗೇ ಗೊತ್ತಾಗ್ತಿತ್ತು, ನಾನು ನಾಳೆ ನನ್ನ ಮಗಳ ಅಪ್ಪನ ಮೇಲೆ ದೂರು ಕೊಡಬೇಕೋ ಬೇಡವೋ ಅಂತ ರಾತ್ರಿ ಕೂತು ಯೋಚನೆ ಮಾಡೋ ಪರಿಸ್ಥಿತಿ ಬರ್ತಿರಲಿಲ್ಲ. ದೂರು ಕೊಡಲಿಲ್ಲ. ತಪ್ಪು ಕ್ಲೈಮಿಗೆ ತೆರಿಗೆಯ 200 ಪರ್ಸೆಂಟ್‌ವರೆಗೂ ದಂಡ ಬೀಳಬಹುದು ಅಂತ ಗೊತ್ತಾದ ಮೇಲಂತೂ ಮನಸ್ಸೇ ಬರಲಿಲ್ಲ, ಅವರ ಕೈಲಿ ದುಡ್ಡು ಕಮ್ಮಿಯಾದ್ರೆ ಅದು ಮಗಳಿಗೇ ಅಲ್ವಾ ತಟ್ಟೋದು.

ಬ್ಯಾಂಕಿನ ವಿಷಯ ಇನ್ನೂ ಗೋಜಲು. ಎಫ್‌ಡಿ ಮಾಡಿಸುವಾಗ ಗಾರ್ಡಿಯನ್ ಅಂತ ಅವಳ ಅಪ್ಪನ ಹೆಸರು ಹಾಕಿ ಅವರದ್ದೇ ಪ್ಯಾನ್ ಕೊಟ್ಟಿದ್ರು. ಟಿಡಿಎಸ್, ಅಂದ್ರೆ ಬಡ್ಡಿಯಿಂದ ಬ್ಯಾಂಕೇ ತೆರಿಗೆ ಹಿಡಿಯೋದಕ್ಕೆ, ಆಗ ಮಿತಿ 40,000 ಇತ್ತು, ಬಡ್ಡಿ ಅದನ್ನ ದಾಟಿದ್ದಕ್ಕೆ ಬ್ಯಾಂಕು 4,200 ಟಿಡಿಎಸ್ ಹಿಡೀತು, ಅದು ಹೋಗಿ ಕೂತಿದ್ದು ಅವರ 26ಎಎಸ್‌ನಲ್ಲಿ, ಅಂದ್ರೆ ಅವರ ಪ್ಯಾನಿಗೆ ಜಮೆ ಆದ ತೆರಿಗೆಯ ಪಟ್ಟಿಯಲ್ಲಿ. ಆದಾಯ ನನ್ನ ತಲೆ ಮೇಲೆ, ಹಿಡಿದ ತೆರಿಗೆ ಅವರ ಖಾತೆಯಲ್ಲಿ. ಇದಕ್ಕೆ ದಾರಿ ಇಲ್ಲ ಅಂತಲ್ಲ, ಆಗಿನ ರೂಲ್ 37ಬಿಎನಲ್ಲೇ ಇತ್ತು, ಆದಾಯ ಬೇರೆಯವರ ಲೆಕ್ಕಕ್ಕೆ ಹೋಗೋದಾದ್ರೆ ಅವರ ಹೆಸರು ವಿಳಾಸ ಪ್ಯಾನ್ ಮತ್ತೆ ಕಾರಣ ಬರೆದು ಬ್ಯಾಂಕಿಗೆ ಒಂದು ಡಿಕ್ಲರೇಶನ್ ಕೊಟ್ರೆ ಕ್ರೆಡಿಟ್ಟು ಅವರಿಗೇ ಹಾಕಬೇಕು. ನಾನು ಮೂರು ಸಲ ಹೋದೆ. ಮೊದಲನೇ ಸಲ ಕೌಂಟರಿನ ಹುಡುಗ ಅಂಥದ್ದೊಂದು ಇಲ್ಲವೇ ಇಲ್ಲ ಅಂದ, ಎರಡನೇ ಸಲ "ತಂದೆಯವರನ್ನೇ ಕಳ್ಸಿ ಮೇಡಂ" ಅಂದ್ರು. ಮೂರನೇ ಸಲ ಹೋಗುವಾಗ ಕೋರ್ಟಿನ ಆರ್ಡರ್ ಕಾಪಿ, ರೂಲಿನ ಪ್ರಿಂಟ್, ಎಲ್ಲಾ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಹೋದೆ, ಜೂನ್ ಮಳೆ, ಮ್ಯಾನೇಜರು ಹೊಸಬರು, ಪಾಪ ಕೂತು ಪೂರ್ತಿ ಓದಿದ್ರು, ಓದಿ ಅವತ್ತೇ ಮಾಡಿಕೊಟ್ರು. ಅಂದ್ರೆ ಆಗ್ತದೆ. ಓದೋರು ಬೇಕು ಅಷ್ಟೇ. 2025ರ ಏಪ್ರಿಲ್‌ನಿಂದ ಟಿಡಿಎಸ್ ಮಿತಿ 50,000 ಆಗಿದೆ, ಹಾಗಾಗಿ ಈಗ ಟಿಡಿಎಸ್ ಹಿಡಿಯಲ್ಲ, ಆದ್ರೆ ಟಿಡಿಎಸ್ ಇಲ್ಲ ಅಂದ್ರೆ ಬಡ್ಡಿ ತೋರ್ಸೋದು ಬೇಡ ಅಂತ ಯಾರೂ ತಿಳ್ಕೊಬೇಡಿ.

"ತಂದೆಯವರನ್ನೇ ಕಳ್ಸಿ" ಅನ್ನೋ ಮಾತಿಗೆ ಒಂದು ಹಳೇ ಉತ್ತರ ಇದೆ. ಗೀತಾ ಹರಿಹರನ್ ಅನ್ನೋರು ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ತಗೊಳ್ಳೋಕೆ ಹೋದಾಗ ತಾಯಿ ಸಹಿ ಸಾಲದು, ತಂದೆ ಸಹಿ ಬೇಕು ಅಂದಿದ್ದಕ್ಕೆ ಅವರು ಸುಪ್ರೀಂ ಕೋರ್ಟಿಗೆ ಹೋದ್ರು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯಲ್ಲಿ ತಂದೆ, ಅವನ ನಂತರ ತಾಯಿ ಅಂತ ಇದೆಯಲ್ಲ, ಆ ನಂತರ ಅಂದ್ರೆ ತಂದೆ ಸತ್ತ ಮೇಲೆ ಅಂತ ಮಾತ್ರ ಅರ್ಥ ಅಲ್ಲ, ತಂದೆ ಮಗುವಿನ ಜವಾಬ್ದಾರಿ ನೋಡ್ತಾ ಇಲ್ಲ ಅಂದ್ರೂ ತಾಯಿಯೇ ಗಾರ್ಡಿಯನ್ ಅಂತ 1999ರಲ್ಲಿ ಕೋರ್ಟು ಹೇಳಿತು. 2018ರ ಡಿಸೆಂಬರ್ 5ರಿಂದ ಪ್ಯಾನ್ ಅರ್ಜಿಯಲ್ಲೂ ತಾಯಿ ಒಬ್ಬಳೇ ಪೋಷಕಿ ಆಗಿದ್ರೆ ತಂದೆ ಹೆಸರು ಕಡ್ಡಾಯ ಅಲ್ಲ. ಮಗಳ ಪ್ಯಾನ್ ನಾನು ಹಾಗೇ ಮಾಡಿಸಿದ್ದು. ದೇಶದ ತೆರಿಗೆ ಇಲಾಖೆ ತಾಯಿ ಹೆಸರು ಸಾಕು ಅಂತ ಒಪ್ಪಿ ವರ್ಷಗಳಾದವು, ನಮ್ಮೂರ ಶಾಲೆ ರಸೀದಿ ಬುಕ್ಕು ಇನ್ನೂ ಒಪ್ಪಿಲ್ಲ.

ಸುಕನ್ಯಾ ಸಮೃದ್ಧಿದೂ ಇದೇ ಪಾಡು. 2015ರಲ್ಲಿ ಸ್ಕೀಮ್ ಬಂದ ಮೇಲೆ, ಮಗಳಿಗೆ ಎರಡು ವರ್ಷ ಇದ್ದಾಗ ಅವಳ ಅಪ್ಪನೇ ಪೋಸ್ಟ್ ಆಫೀಸಿನಲ್ಲಿ ಮಾಡಿಸಿದ್ರು, ಪಾಸ್‌ಬುಕ್ ಅವರ ಹತ್ರ. ಒಂದು ಹೆಣ್ಣು ಮಗುಗೆ ಒಂದೇ ಖಾತೆ, ನಾನು ಇನ್ನೊಂದು ತೆಗೆಯೋ ಹಾಗಿಲ್ಲ. ವರ್ಷಕ್ಕೆ ಕನಿಷ್ಠ 250 ಹಾಕದಿದ್ರೆ ಖಾತೆ ಡಿಫಾಲ್ಟ್ ಆಗ್ತದೆ. ಕರಾರಿನಲ್ಲಿ ಎಫ್‌ಡಿ ಬಗ್ಗೆ ಎರಡು ಪ್ಯಾರಾ ಇದೆ, ಬೈಕ್ ಬಗ್ಗೆ ಇದೆ, ಫ್ರಿಜ್ ಬಗ್ಗೆ ಇದೆ, ಸುಕನ್ಯಾ ಬಗ್ಗೆ ಒಂದಕ್ಷರ ಇಲ್ಲ.

ನಮ್ಮ ಚಿಕ್ಕಮ್ಮನ ಮಗಳು ಅಮೆರಿಕದಲ್ಲಿದ್ದಾಳೆ, ಅವಳಿಗೂ ಡೈವೋರ್ಸ್ ಆಗಿದೆ. ಫೋನಲ್ಲಿ ಇದೆಲ್ಲ ಹೇಳ್ತಾ ಇದ್ದಾಗ ಅವಳು ಹೇಳಿದ್ದು ನನ್ನ ತಲೇಲಿ ಕೂತುಬಿಟ್ಟಿದೆ. ಅಲ್ಲಿ ರಾತ್ರಿ ಲೆಕ್ಕ ಹಾಕ್ತಾರಂತೆ. ವರ್ಷದಲ್ಲಿ ಮಗು ಹೆಚ್ಚು ರಾತ್ರಿ ಯಾರ ಮನೇಲಿ ಮಲಗಿತ್ತೋ ಅವರೇ ಮಗುವಿನ ತೆರಿಗೆ ರಿಯಾಯಿತಿಗೆ ಮೊದಲ ಹಕ್ಕುದಾರರು, ಅವರು ಅದನ್ನ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು ಅಂದ್ರೆ ಫಾರ್ಮ್ 8332ಕ್ಕೆ ಸಹಿ ಹಾಕಿ ಕೊಡಬೇಕು, ಆ ಫಾರ್ಮ್ ರಿಟರ್ನಿಗೆ ಲಗತ್ತಾಗಬೇಕು. ಎರಡೂ ಕಡೆ ರಾತ್ರಿ ಸಮ ಆದ್ರೆ ಆದಾಯ ಯಾರದ್ದು ಜಾಸ್ತಿಯೋ ಅವರಿಗೆ.

ಅವತ್ತು ಫೋನ್ ಇಟ್ಟ ಮೇಲೆ ನಾನು ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿದೆ. ಅಪ್ಪನ ಜೊತೆ ಹೋದ ದಿನ ಮಗಳು ತಾನೇ ಸ್ಕೆಚ್ ಪೆನ್ನಲ್ಲಿ ಹಸಿರು ಚುಕ್ಕೆ ಇಡ್ತಾಳೆ, ಹಾಗಾಗಿ ಎಣಿಸೋಕೆ ಸುಲಭ. 2024ರಲ್ಲಿ 366 ರಾತ್ರಿ, ಹಸಿರು ಚುಕ್ಕೆ 25. ಉಳಿದ 341 ರಾತ್ರಿ ನನ್ನ ಪಕ್ಕದಲ್ಲಿ. ಅದರಲ್ಲಿ ಜ್ವರ ಬಂದು ಹಣೆಗೆ ಒದ್ದೆ ಬಟ್ಟೆ ಹಾಕಿದ ರಾತ್ರಿಗಳು, ರೆಡ್ ಅಲರ್ಟ್ ರಜೆ ಸಿಗ್ತದಾ ಇಲ್ವಾ ಅಂತ ಹತ್ತು ಗಂಟೆವರೆಗೂ ಕೇಳಿ ಕೇಳಿ ಮಲಗಿದ ರಾತ್ರಿಗಳು, ಆಗಸ್ಟ್ 7ರ ಮಧ್ಯರಾತ್ರಿ ಗೋವಾ ರಸ್ತೆಯ ಕಾಳಿ ನದಿ ಹಳೇ ಸೇತುವೆ ಕುಸಿದ ರಾತ್ರಿನೂ ಇದೆ, ಅಕ್ಕಪಕ್ಕದವರೆಲ್ಲ ಎದ್ದು ಹೊರಗೆ ನಿಂತು ಮಾತಾಡ್ತಾ ಇದ್ರು, ಮಗಳು ನನ್ನ ಸೀರೆ ಸೆರಗು ಹಿಡ್ಕೊಂಡು "ಆಯಿ, ಅಪ್ಪಯ್ಯ ಬರೋ ಸೇತುವೆ ಬಿತ್ತಾ?" ಅಂತ ಕೇಳಿದ್ಲು. ಹೊಸ ಸೇತುವೆ ಇದೆ ಕೂಸೇ, ಬರ್ತಾರೆ ಅಂದೆ.

ನಮ್ಮ ದೇಶದಲ್ಲೂ ಹಾಗೇ ರಾತ್ರಿ ಎಣಿಸಿ ಅಂತ ನಾನು ಹೇಳ್ತಾ ಇಲ್ಲ. ದುಡ್ಡು ಕಟ್ಟಿದವರಿಗೆ ರಿಯಾಯಿತಿ ಅನ್ನೋ ನಮ್ಮ ನಿಯಮವೇ ನಂಗೆ ಹೆಚ್ಚು ನ್ಯಾಯ ಅನ್ಸೋದು, ಯಾಕಂದ್ರೆ ದೂರ ಇದ್ದೂ ಮಕ್ಕಳ ಫೀ ಪ್ರಾಮಾಣಿಕವಾಗಿ ಕಟ್ಟೋ ಅಪ್ಪಂದಿರು ಇದ್ದಾರೆ. ನಮ್ಮ ಆಫೀಸಿನಲ್ಲೇ ಒಬ್ರಿದ್ದಾರೆ, ದೊಡ್ಡ ಮಗ ಇವರ ಹತ್ರ, ಚಿಕ್ಕವನು ತಾಯಿ ಜೊತೆ ಹುಬ್ಬಳ್ಳಿಯಲ್ಲಿ, ಇಬ್ಬರ ಫೀಯನ್ನೂ ಇವರೇ ನೇರ ಶಾಲೆ ಖಾತೆಗೆ ಹಾಕ್ತಾರೆ, ಹಾಕಿದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದು ಮಾಜಿ ಹೆಂಡತಿಗೂ ಕಳಿಸ್ತಾರೆ, ಇದು ನಾನು ಕಟ್ಟಿದ್ದು ನೀನು ತೋರಿಸ್ಬೇಡ ಅಂತ. ಅವರಿಗೆ ಆ ರಿಯಾಯಿತಿ ಸಿಗಲೇಬೇಕು. ನಿಯಮ ಸರಿ ಇದೆ, ಆದ್ರೆ ಕಟ್ಟಿದ್ದು ಯಾರು ಅನ್ನೋದನ್ನ ಎಲ್ಲೂ ಯಾರೂ ಬರ್ಕೊಳ್ತಾ ಇಲ್ಲ, ನಂಗೆ ಆಗಿದ್ದು ಅದರಿಂದಲೇ.

ಹಾಗಾಗಿ ಶಾಲೆಯವರಲ್ಲಿ ಕೈಮುಗಿದು ಕೇಳ್ತೇನೆ, ರಸೀದಿ ಬುಕ್ಕು ಮುಂದಿನ ಸಲ ಪ್ರಿಂಟ್ ಹಾಕ್ಸುವಾಗ "ಹಣ ಕಟ್ಟಿದವರು" ಅಂತ ಒಂದು ಗೆರೆ ಸೇರಿಸಿ. ಟ್ಯೂಶನ್ ಫೀ ಎಷ್ಟು, ಬಸ್ಸು ಎಷ್ಟು, ಉಳಿದದ್ದು ಎಷ್ಟು ಅಂತ ಬೇರೆ ಬೇರೆ ಬರೀರಿ. ಡುಪ್ಲಿಕೇಟ್ ಕೇಳಿಕೊಂಡು ಬಂದ್ರೆ ಕಟ್ಟಿದವರಿಗೇ ಕೊಡಿ, ಇಲ್ಲಾಂದ್ರೆ ಅವರಿಗೊಂದು ಫೋನ್ ಮಾಡಿ ಕೇಳಿ, ಮೇಲೆ ಡುಪ್ಲಿಕೇಟ್ ಅಂತ ಸೀಲ್ ಹೊಡೀರಿ.

ವಕೀಲರೇ, ನಿಮ್ಮ ಹತ್ರ ಬರುವಾಗ ನಾವು ಅಳೋ ಸ್ಥಿತಿಯಲ್ಲಿ ಇರ್ತೇವೆ, ಬೇಗ ಮುಗಿದ್ರೆ ಸಾಕು ಅಂತ ಇರ್ತೇವೆ, ತೆರಿಗೆ ನೆನಪಾಗೋದಿಲ್ಲ. ನೀವೇ ನೆನಪಿಸ್ಬೇಕು. ಮಗುವಿನ ಫೀ ಯಾರು ನೇರವಾಗಿ ಶಾಲೆಗೆ ಕಟ್ಟಬೇಕು, ಕಟ್ಟಿದವರೇ ರಿಯಾಯಿತಿ ಪಡೀಬೇಕು ಇನ್ನೊಬ್ಬರು ಪಡೀಬಾರದು, ಮಗುವಿನ ಎಫ್‌ಡಿ ಮತ್ತೆ ಸುಕನ್ಯಾ ಖಾತೆಗೆ ಇಂಥ ತಾರೀಖಿನ ಒಳಗೆ ಸಾಕುವವರನ್ನ ಗಾರ್ಡಿಯನ್ ಮಾಡೋಕೆ ಇನ್ನೊಬ್ಬರು ಸಹಿ ಹಾಕಬೇಕು, ಪಾಸ್‌ಬುಕ್ ಕೊಡಬೇಕು, ಎಫ್‌ಡಿ ಬಡ್ಡಿಗೆ ಬೀಳೋ ತೆರಿಗೆನ ಯಾರು ಭರಿಸಬೇಕು. ಐದಾರು ಸಾಲು. ಈ ಕೊನೇದು ತುಂಬ ಮುಖ್ಯ, ಯಾಕಂದ್ರೆ 6 ಲಕ್ಷ ಕೊಟ್ಟೆ ಅಂತ ಒಬ್ಬರು ಅಂದ್ಕೊಂಡಿರ್ತಾರೆ, ಅದರ ಮೇಲಿನ ತೆರಿಗೆ ವರ್ಷ ವರ್ಷ ಇನ್ನೊಬ್ಬರ ಸಂಬಳದಿಂದ ಹೋಗ್ತಾ ಇರ್ತದೆ.

ದಿಲ್ಲಿಯವರಿಗೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆ ಜಾಗಕ್ಕೆ 2025ರ ಕಾಯ್ದೆ ಅಂತ ಮಾಡಿದ್ದೀರಿ, 80ಸಿ ಹೋಗಿ 123 ಆಗಿದೆ, ಭಾಷೆ ಸರಳ ಮಾಡಿದ್ದೀರಿ, ಸಂತೋಷ. ಆದ್ರೆ ನಾವಾಗಿ ಹಳೇದನ್ನ ಆರಿಸದಿದ್ರೆ ಡೀಫಾಲ್ಟ್ ಅಂತ ಬೀಳೋ ಹೊಸ ರೆಜೀಮಿನಲ್ಲಿ, ಅಂದ್ರೆ ತೆರಿಗೆ ಲೆಕ್ಕದ ಹೊಸ ಪದ್ಧತಿಯಲ್ಲಿ, ಮಕ್ಕಳ ಫೀಗೆ ರಿಯಾಯಿತಿ ಇಲ್ಲ, ಮಗುವಿನ ಆದಾಯ ಮಾತ್ರ ಅಲ್ಲೂ ನಮಗೇ ಸೇರ್ತದೆ, ಆ 1,500 ಕೂಡ 2023-24ರ ಲೆಕ್ಕದಲ್ಲಿ ಹೊಸ ರೆಜೀಮಿನವರಿಗೆ ಇರಲಿಲ್ಲ. ಹಳೇದನ್ನ ಆರಿಸ್ಕೊಬೇಕು ಅಂದ್ರೆ ನನ್ನಂಥ ಸಂಬಳದವರು ಕೊನೇ ದಿನಾಂಕದ ಒಳಗೆ ರಿಟರ್ನ್ ತುಂಬಲೇಬೇಕು, ಒಂದು ದಿನ ತಪ್ಪಿದ್ರೂ ಹೊಸದೇ ಗತಿ. 1,500 ರೂಪಾಯಿ ಅಂದ್ರೆ ಇವತ್ತು ಮಗಳ ಒಂದು ಜೊತೆ ಶೂಸು, ಒಂದು ರೇನ್‌ಕೋಟು, ಮುಗೀತು. ಕಡೇಪಕ್ಷ ಒಬ್ಬರೇ ಸಾಕ್ತಾ ಇರೋ ಮನೆಗಳಿಗಾದ್ರೂ ಆ ಮೊತ್ತ ಏರಿಸಿ, ಯಾವ ರೆಜೀಮಾದ್ರೂ ಕೊಡಿ. ಮತ್ತೆ ಫೀ ಕ್ಲೈಮ್ ಮಾಡೋ ಜಾಗದಲ್ಲಿ ಮಗುವಿನ ಹೆಸರು ಕೇಳಿ. ಮಗುವಿನ ಬಡ್ಡಿಗೆ ಕೇಳೋ ಹಾಗೇ.

9,984, 8,424, ಎರಡೂ ಸೇರಿ 18,408. ದೊಡ್ಡ ದುಡ್ಡಲ್ಲ ಅನ್ನಬಹುದು ಯಾರಾದ್ರೂ. ನಮ್ಮ ಮನೆಗೆ ಅದು ಎರಡು ತಿಂಗಳ ಬಾಡಿಗೆ.

ಈ ಜೂನ್‌ನಲ್ಲಿ ಮೊದಲ ಕಂತು ಕಟ್ಟೋಕೆ ಹೋದಾಗ ಅದೇ ಅಕ್ಕೋರು ಇದ್ರು. ಬುಕ್ಕು ಹಳೇದೇ, ಗುಲಾಬಿ ಕಾಗದವೇ. ನಾನು ಏನೂ ಹೇಳೋ ಮುಂಚೆನೇ ಅವರು ತಂದೆಯ ಹೆಸರು ಅನ್ನೋದರ ಪಕ್ಕ ಖಾಲಿ ಜಾಗದಲ್ಲಿ ಪೆನ್ನಲ್ಲಿ "ಹಣ ಕಟ್ಟಿದವರು: ತಾಯಿ" ಅಂತ ಬರೆದು, ನನ್ನ ಹೆಸರು ಹಾಕಿ, ಯುಪಿಐ ನಂಬರ್ ಬರೆದು, ಮೇಲೆ ಶಾಲೆ ಸೀಲ್ ಹೊಡೆದು ಕೊಟ್ರು. ಒಂದು ನಿಮಿಷ ಹಿಡೀಲಿಲ್ಲ. ಉಳಿದ ಶಾಲೆಗಳ ಆಫೀಸಿನವರೂ ಬುಕ್ಕು ಖಾಲಿ ಆಗೋವರೆಗೆ ಹೀಗೇ ಪೆನ್ನಲ್ಲಿ ಬರೆದುಕೊಡಿ.

ಇಂತಿ,
ಐದನೇ ಕ್ಲಾಸು ಮುಗಿಸಿದ ಹುಡುಗಿಯ ಆಯಿ
ಕಾರವಾರ